ನಿಲ್ಲಿಸು ಒತ್ತಿದರೂ ನಿಲ್ಲದ ಮೋಟಾರು

ಬರೆದುಕೋ ಮೀನಾ, ನಿನ್ನ ಅಕ್ಕನ ವಿಷಯವೇ. ನಾನು ಹೇಳಿದ ಹಾಗೇ ಬರಿ, ಸಿಟ್ಟನ್ನು ಕಮ್ಮಿ ಮಾಡಬೇಡ.

ನನ್ನ ಮೊಮ್ಮಗಳು ಧನ್ಯಶ್ರೀ ಹುಟ್ಟಿದಾಗ ಎರಡು ಕೆ.ಜಿ. ಕೂಡ ಇರಲಿಲ್ಲ, ಹತ್ತಿಯಲ್ಲಿ ಸುತ್ತಿ ಸಾಕಿದೆ. ಬೆಳೆದು ತುರುವೇಕೆರೆಯಲ್ಲಿ ಮೋಟಾರು ರಿಪೇರಿ ಅಂಗಡಿ ಸೇರಿ, ಅಲ್ಲೇ ಕಂಪ್ಯೂಟರ್ ಪ್ರೋಗ್ರಾಂ ಬರೆಯುವುದನ್ನೂ ಕಲಿತಳು. ಈಗ ನಮ್ಮೂರು ಶೆಟ್ಟಿಕೆರೆಯಲ್ಲಿ ಏಳು ತೆಂಗಿನ ತೋಟಕ್ಕೆ ಒಂದೇ ಬೋರ್‌ವೆಲ್. ಪಂಪ್‌ಮನೆಯ ಪರದೆಯಲ್ಲಿ ಬಟನ್ ಒತ್ತಿದರೆ ಬೇಕಾದ ತೋಟದ ವಾಲ್ವ್ ತೆರೆಯುವಂತೆ ಇವಳು ಮಾಡಿಕೊಟ್ಟಳು. ತೆರೆದ ಮೇಲೆ, ಆ ತೋಟದಲ್ಲಿ ವಾಲ್ವ್ ನಡೆಸುವ ಪೆಟ್ಟಿಗೆ ‘ತೆರೆಯಿತು’ ಎಂದು ನೆಟ್‌ವರ್ಕ್‌ನಲ್ಲಿ ಉತ್ತರ ಕಳಿಸುತ್ತದೆ.

ಹೋದ ಮಂಗಳವಾರ ಹುಚ್ಚಣ್ಣನ ತೋಟದ ಪೆಟ್ಟಿಗೆ ಉತ್ತರವನ್ನೇ ಕೊಡಲಿಲ್ಲ. ಪರದೆ ಕಲ್ಲಿನಂತೆ ನಿಂತಿತು. ಮುಂಚಿನ ತೋಟದ ವಾಲ್ವ್ ಮುಚ್ಚಿತ್ತು, ಇವನದು ತೆರೆಯಲಿಲ್ಲ, ನೀರಿಗೆ ದಾರಿಯಿಲ್ಲ. ನೀರು ನೋಡಿಕೊಳ್ಳುವ ಮರುಳಪ್ಪ ಪರದೆಯ ಮೇಲಿನ ‘ನಿಲ್ಲಿಸು’ ಬಟನ್ ಇಪ್ಪತ್ತು ಸಲ ಒತ್ತಿದ. ಮೋಟಾರು ನಿಲ್ಲಲೇ ಇಲ್ಲ, ಪೈಪು ಒಡೆಯಿತು.

ಮರುಳಪ್ಪ ನಮ್ಮ ಬಾಗಿಲಿಗೇ ಬಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ.

“ನಿಮ್ ಹುಡ್ಗಿ ಪರದೆಗಿಂತ ಹಳೇ ಸ್ಟಾರ್ಟರೇ ವಾಸಿ ಕಣಮ್ಮ! ಶನಿವಾರ ಕಿತ್ತಾಕ್ತೀವಿ.”

“ಇಪ್ಪತ್ ಸಲ ಒತ್ತೋ ಬದ್ಲು ಫ್ಯೂಸ್ ಕೀಳಕ್ಕೆ ನಿಂಗೇನಾಗಿತ್ಲಾ?” ಎಂದೆ.

ಅವನು ಹೋದ ಮೇಲೆ ಇವಳ ಮೇಲೆ ಹರಿಹಾಯ್ದೆ.

“ಅಜ್ಜಿ, ಪ್ರೋಗ್ರಾಂ ಒಳಗೆ ಎರಡು ಸುತ್ತು ಇರ್ತವೆ. ಒಂದು, ಬಟನ್ ಒತ್ತಿದ್ರಾ ಅಂತ ನೋಡ್ತಾ ಸುತ್ತುತ್ತೆ. ಇನ್ನೊಂದು, ಉತ್ತರ ಬಂತಾ ಅಂತ. ಎರಡ್ಕೂ ತಾನೇ ಯಜಮಾನ ಆಗ್ಬೇಕು ಅನ್ನೋ ಹಟ. ನಾನು ಉತ್ತರ ಬರೋಗಂಟ ಪರದೇನ ಕಾಯಿಸ್ಬುಟ್ಟೆ.”

“ಥೂ! ಅಟ್ಟಕ್ಕೆ ಕಾಯಿ ಹಾಕಿ ಹನ್ನೊಂದು ತಿಂಗ್ಳು ಅದ್ರ ಮುಂದೆ ಕೂತಿರ್ತಾರೇನೆ? ನಮ್ ಕೆಲ್ಸ ಮಾಡ್ತಾ ಆಗಾಗ ಅಲ್ಲಾಡಿಸ್ತೀವಿ. ಕೊಬ್ಬರಿ ಆಗಿದ್ರೆ ಅದೇ ಗಡಗಡ ಅನ್ನುತ್ತೆ.”

“ಗೊತ್ತಿತ್ತಜ್ಜಿ. ಅವಸರ ಮಾಡ್ಬುಟ್ಟೆ.”

ಗೊತ್ತಿತ್ತಂತೆ! ನನಗೆ ಇನ್ನೂ ಉರಿಯಿತು.

ಮೂರು ದಿನ ಊಟವೂ ಕಂಪ್ಯೂಟರ್ ಮುಂದೆಯೇ. ಬಟನ್ ನೋಡುವ ಪರದೆಯ ಸುತ್ತನ್ನೇ ಯಜಮಾನ ಮಾಡಿ, ನೆಟ್‌ವರ್ಕ್‌ನ ಕೆಲಸ ಅದರೊಳಗೇ ಸರದಿಯಂತೆ ನಡೆಯುವ ಹಾಗೆ ಕೂಡಿಸಿದಳು. ಉತ್ತರಕ್ಕಾಗಿ ಯಾರೂ ನಿಂತು ಕಾಯುವಂತಿಲ್ಲ.

ಶನಿವಾರ, ಪರದೆ ಕೀಳಲು ಬಂದ ತೋಟದವರೆಲ್ಲರ ಮುಂದೆ ಹುಚ್ಚಣ್ಣನ ಪೆಟ್ಟಿಗೆಯ ವೈರನ್ನು ತಾನೇ ಕಿತ್ತಳು. ಮೋಟಾರು ಹಾಕಿಸಿ, ಅವನ ತೋಟದ ಬಟನ್ ಒತ್ತಿದಳು. ಉತ್ತರವಿಲ್ಲ.

“ಈಗ ನಿಲ್ಸಿ, ಮರುಳಪ್ಪಣ್ಣ.”

ಅವನು ಒಂದೇ ಸಲ ಒತ್ತಿದ. ಮೋಟಾರು ನಿಂತಿತು.

“ಹೂಂ, ಇರ್ಲಿ ಬುಡಮ್ಮ, ಪರದೆ ಇರ್ಲಿ” ಎಂದ.

ಪೈಪು ಒಡೆದದ್ದು ತನ್ನ ತಪ್ಪೆಂದು ಇವಳು ಎಲ್ಲರೆದುರು ಒಪ್ಪಿಕೊಂಡಳು. ಬಾಗಿಲಲ್ಲಿ ಕೂಗಾಡಿದ್ದು ತಪ್ಪೆಂದು ಅವನು ಒಪ್ಪಲಿಲ್ಲ. ಅದನ್ನೂ ಬರಿ.