ಡಾಸ್ ಫ್ಲಾಪಿಗೆ ಮೊದಲ ಬೊಟ್ಟು

ದೊಡ್ಡೇರಿ ಹೋಬಳಿಯ ಕುರಿಗಾಹಿ ಬೋರಪ್ಪನವರ ಮಗಳು ಕೊಲ್ಲಾಪುರಮ್ಮ 1975ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರು. ಆ ಮನೆಯಲ್ಲಿ ಅಷ್ಟು ಓದಿದವರು ಅವರೇ ಮೊದಲು. ಮರುವರ್ಷ ಟೈಪಿಂಗ್ ಕಲಿಯಲು ಮಧುಗಿರಿಗೆ ಬಸ್ಸಿನಲ್ಲಿ ಓಡಾಡತೊಡಗಿದರು. ಒಂದು ದಿನ ಬೋರಪ್ಪನವರು ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿ ನಿಂತು ಒಳಗಿನ ಸದ್ದು ಕೇಳಿದರಂತೆ. "ಬಂಡೆ ಮ್ಯಾಲೆ ಆಡಿನ ಹಿಂಡು ಓಡ್ದಂಗದೆ ಕಣಮ್ಮ" ಎಂದು ನಕ್ಕು, ಕಂಬಳಿ ಹೆಗಲಿಗೇರಿಸಿ ಹೊರಟರಂತೆ.

ನಾನು ಅವರನ್ನು ಕಂಡದ್ದು 1983ರಲ್ಲಿ. ಕುರಿ ತಳಿ ಸುಧಾರಣೆಗಾಗಿ ಮಧುಗಿರಿಯಲ್ಲಿ ಒಂದು ಸಣ್ಣ ಸ್ವಯಂಸೇವಾ ಸಂಸ್ಥೆ ಇತ್ತು. ಅಲ್ಲಿ ನಾನು ತಾಂತ್ರಿಕ ಸಹಾಯಕ, ಅವರು ಟೈಪಿಸ್ಟ್. ಮಧುಗಿರಿ, ಸಿರಾ, ಪಾವಗಡ ತಾಲ್ಲೂಕುಗಳ ಹಟ್ಟಿಗಳಿಂದ ಮಾಹಿತಿ ತರಲು ನಾನೊಂದು ನಮೂನೆ ತಯಾರಿಸಿದ್ದೆ. ಮೊದಲ ಪ್ರಶ್ನೆ: ಒಟ್ಟು ಕುರಿ ಎಷ್ಟು? ಮೂರು ತಿಂಗಳಾದರೂ ಆ ಖಾನೆ ಒಂದು ನಮೂನೆಯಲ್ಲೂ ತುಂಬಿರಲಿಲ್ಲ.

"ಹಿಂಡಿನ ಲೆಕ್ಕ ಬಾಯಿಬುಟ್ಟು ಹೇಳೋರುಂಟಾ ಸಾರ್? ದೃಷ್ಟಿ ಆಗ್ತದೆ ಅಂತಾರೆ" ಎಂದರು ಕೊಲ್ಲಾಪುರಮ್ಮ.

"ಮತ್ತೆ ತಿಳಿಯುವುದು ಹೇಗೆ?"

"ಒಂದೊಂದು ಕುರಿ ತಾಯಿ ಯಾವ್ದು ಅಂತ ಕೇಳಿ. ಸಂಜೆಗಂಟ ಹೇಳ್ತಾರೆ."

ಅಂದಿನಿಂದ ಹಟ್ಟಿಗಳಿಗೆ ಅವರೇ ಹೊರಟರು. ಬೂದುಗಿವಿಯ ಮಗಳು ಕರಿಮೂತಿ, ಅದರ ಮರಿ ಕುಂಟಿ ಎಂದು ಕುರಿಗಾಹಿಗಳು ಹೇಳುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಒಟ್ಟು ಎಷ್ಟೆಂದು ಆಫೀಸಿಗೆ ಬಂದು ಮನಸ್ಸಿನಲ್ಲೇ ಎಣಿಸಿ ನನ್ನ ಖಾನೆಯನ್ನು ಪೆನ್ಸಿಲಿನಲ್ಲಿ ತುಂಬುತ್ತಿದ್ದರು.

1987ರಲ್ಲಿ ಬೆಂಗಳೂರಿನ ಕಂಪನಿಯೊಂದು ಬಳಸಿ ಬಿಟ್ಟ ಕಂಪ್ಯೂಟರ್ ಅಲ್ಲಿನ ಅಂಗಡಿಯೊಂದರ ಮೂಲಕ ನಮಗೆ ಬಂತು. ಕೊಲ್ಲಾಪುರಮ್ಮ ಅದರ ಒಂದೊಂದು ಆಜ್ಞೆಯನ್ನೂ ನೂರು ಪುಟದ ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು, ಎದುರಿಗೆ ಅರ್ಥ ಬರೆದಿಟ್ಟುಕೊಂಡರು. ಡಾಸ್ ಎಂಬ ಮೂಲ ವ್ಯವಸ್ಥೆ ಯಂತ್ರದೊಳಗಿನ ಹಾರ್ಡ್ ಡಿಸ್ಕಿನಲ್ಲಿದೆ, ಅದು ಕೆಟ್ಟರೆ ಯಂತ್ರ ಏಳುವುದಿಲ್ಲ, ಆಗ ಡಾಸ್ ಇರುವ ಫ್ಲಾಪಿಯನ್ನು ಮುಂದಿನ ಸೀಳಿಗೆ ಹಾಕಿ ಎಬ್ಬಿಸಬೇಕು ಎಂದು ನಾನು ವಿವರಿಸಿದೆ. ಅಂಥ ಫ್ಲಾಪಿ ನಮ್ಮಲ್ಲಿದ್ದುದು ಒಂದೇ. "ಈ ಮಿಷನ್ನಿನ ಜೀವ ಇದರಲ್ಲಿದೆ, ಜೋಪಾನ" ಎಂದು ಅವರ ಕೈಗೇ ಕೊಟ್ಟೆ.

ಮರುವರ್ಷದ ದಸರಾ ಹೊತ್ತಿಗೆ ಅವರು ಇನ್ನೂರ ಹನ್ನೆರಡು ಹೊಸ ಮರಿಗಳ ವಂಶಾವಳಿಯನ್ನು ಕಂಪ್ಯೂಟರಿಗೆ ತುಂಬಿದ್ದರು. ಆಷಾಢದಿಂದ ಹಟ್ಟಿ ಹಟ್ಟಿ ಸುತ್ತಿ ತಂದ ಮಾಹಿತಿ ಅದು. ಖಾಲಿ ಫ್ಲಾಪಿಗಳು ಮುಗಿದಿದ್ದರಿಂದ ಅದರ ನಕಲು ಬೇರೆಲ್ಲೂ ಇರಲಿಲ್ಲ. ಟೈಪಾದ ಚೀಟಿಗಳನ್ನು ಹರಿದು ಹಾಕುವುದು ಆಫೀಸಿನ ಪದ್ಧತಿ. ಆ ಪದ್ಧತಿ ಮಾಡಿದವನು ನಾನು. ಹಬ್ಬ ಕಳೆದ ಭಾನುವಾರ ಬೆಳಗ್ಗೆ ಹಿಂಡುಗಳು ಮೇವಿಗಾಗಿ ಭದ್ರಾ ಅಚ್ಚುಕಟ್ಟಿನ ಕಡೆ ಹೊರಡಲಿದ್ದವು. ಹೋದರೆ ಯುಗಾದಿಗೇ ವಾಪಸ್ಸು. ಹೊರಡುವ ಮೊದಲು ಯಾವ ಹಿಂಡಿಗೆ ಯಾವ ಟಗರು ಎಂಬ ಪಟ್ಟಿ ಕೊಡಬೇಕಿತ್ತು. ಇಲ್ಲದಿದ್ದರೆ ಟಗರುಗಳು ತಮಗೇ ಹುಟ್ಟಿದ ಹೆಣ್ಣುಮರಿಗಳ ಜೊತೆ ಹೋಗಿ ಅವನ್ನೇ ಕೂಡುತ್ತವೆ, ಐದು ವರ್ಷದ ತಳಿ ಕೆಲಸ ಕೆಡುತ್ತದೆ.

ಬುಧವಾರ ಆಯುಧಪೂಜೆ. ಅಂದು ಯಂತ್ರ ಚಾಲೂ ಇದ್ದಾಗಲೇ ಕರೆಂಟು ಎರಡು ಸಲ ಹೋಗಿ ಬಂತು. ವಿಜಯದಶಮಿಯ ರಜೆ ಕಳೆದು ಶುಕ್ರವಾರ ಸ್ವಿಚ್ ಹಾಕಿದರೆ, ಇದು ಸಿಸ್ಟಂ ಇರುವ ಡಿಸ್ಕ್ ಅಲ್ಲ ಎಂಬರ್ಥದ ಇಂಗ್ಲಿಷ್ ಸಾಲು ಪರದೆಯ ಮೇಲೆ ನಿಂತಿತ್ತು. ಕೊಲ್ಲಾಪುರಮ್ಮ ಗಾಬರಿಯಾಗದೆ ಡಾಸ್ ಫ್ಲಾಪಿ ತಂದು ಸೀಳಿಗೆ ಹಾಕಿದರು. ಒಳಗೆ ಕರಕರ ಸದ್ದಾಯಿತು. ಯಂತ್ರ ಏಳಲಿಲ್ಲ.

ನಾನು ಫ್ಲಾಪಿಯನ್ನು ಹೊರಗೆಳೆದು ನೋಡಿದೆ. ಕರಿ ಕವಚದಲ್ಲಿ ಡಿಸ್ಕ್ ಕಾಣಲೆಂದು ಬಿಟ್ಟಿರುವ ಉದ್ದನೆಯ ಕಿಂಡಿಯಿದೆ. ಸರಿಯಾಗಿ ಅಲ್ಲೇ ವಿಭೂತಿ, ಅದರ ನಡುವೆ ಕುಂಕುಮದ ಬೊಟ್ಟು.

"ಇದೇನ್ರೀ ಕೊಲ್ಲಾಪುರಮ್ಮ?"

"ಪೂಜೆ ಸಾರ್."

"ಮಿಷನ್ನಿನ ಮೇಲೆ ಇಡಬಹುದಿತ್ತಲ್ಲ?"

"ಅದಕ್ಕೂ ಇಟ್ಟಿದೀನಿ. ಮೊದಲ ಬೊಟ್ಟು ಮಾತ್ರ ಇದಕ್ಕೆ. ಜೀವ ಇದ್ರಾಗದೆ ಅಂತ ನೀವೇ ಅಂದಿದ್ರಲ್ಲ!" ಎಂದರು. ನನ್ನ ಮುಖ ನೋಡಿ, "ಉದುರದೇ ಇರ್ಲಿ ಅಂತ ವಸಿ ಕೊಬ್ಬರಿ ಎಣ್ಣೇನೂ ಸೇರ್ಸಿದ್ದೆ" ಎಂದರು.

ಯಂತ್ರ ಮಾರಿದ ಬೆಂಗಳೂರಿನ ಅಂಗಡಿಗೆ ಟ್ರಂಕ್ ಕಾಲ್ ಮಾಡಿದರೆ ಎತ್ತುವವರಿಲ್ಲ. ಹಬ್ಬದ ರಜೆ ಸೋಮವಾರದವರೆಗೆ. ನಮ್ಮ ಕಾರ್ಯದರ್ಶಿ ವೆಂಕಟರಾಮಯ್ಯನವರು, "ಪಟ್ಟಿ ಯುಗಾದಿಗೆ ನೋಡ್ಕೊಳ್ಳೋಣ ಬಿಡಿ" ಎಂದರು. ಕೊಲ್ಲಾಪುರಮ್ಮ ಕುರ್ಚಿಯಿಂದ ಏಳಲಿಲ್ಲ.

"ಬಟ್ಟೆಯಾಗಿದ್ರೆ ತೊಳೀಬೋದಿತ್ತು" ಎಂದರು.

ನಾನು ಯೋಚಿಸಿದೆ. ಕವಚದೊಳಗಿರುವುದು ಪ್ಲಾಸ್ಟಿಕ್ ಹಾಳೆ, ಮೇಲೆ ಕಾಂತೀಯ ಲೇಪ. ನೀರಿಗೆ ಅದು ಕರಗುವುದಿಲ್ಲ. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ಎರಡು ಬಾಟಲಿ ತರಿಸಿದೆ. ಕವಚದ ಒಂದು ಅಂಚನ್ನು ಬ್ಲೇಡಿನಿಂದ ಕೊಯ್ದು, ಹಪ್ಪಳಕ್ಕಿಂತ ತೆಳುವಾದ ಕಂದು ಹಾಳೆಯನ್ನು ಹೊರಗೆ ತೆಗೆದು, ಹತ್ತಿಯಲ್ಲಿ ಒರೆಸಲು ಹೋದೆ.

"ಉಜ್ಜಬ್ಯಾಡಿ!" ಕೊಲ್ಲಾಪುರಮ್ಮ ನನ್ನ ಕೈಯಿಂದ ಅದನ್ನು ಅಂಚು ಹಿಡಿದು ತೆಗೆದುಕೊಂಡರು. "ಬೂದಿ ಮರಳಿದ್ದಂಗೆ ಸಾರ್, ಗೀರ್ತದೆ. ಉಣ್ಣೆ ತೊಳೆಯುವಾಗ ಉಜ್ಜಿದ್ರೆ ನಮ್ಮಪ್ಪ ಬೆನ್ನಿಗೆ ಕೋಲು ಬುಡ್ತಿದ್ದ."

ಎಣ್ಣೆ ಜಿಡ್ಡು ಬಿಡಲೆಂದು ಅಂಟುವಾಳದ ನೊರೆಯನ್ನು ಒಂದು ಹನಿ ಬಿಟ್ಟರು. ಮೇಲಿನಿಂದ ನೀರನ್ನು ಸಣ್ಣಗೆ ಹರಿಸುತ್ತಾ ಹಾಳೆಯನ್ನು ತಿರುಗಿಸುತ್ತಾ ಹೋದರು. ಬೊಟ್ಟು ನಸುಗೆಂಪು ನೀರಾಗಿ ಬೇಸಿನ್ನಿಗೆ ಇಳಿಯಿತು. ಇದಕ್ಕೆ ನಲವತ್ತು ನಿಮಿಷ ಹಿಡಿಯಿತು, ನಾನು ಗಡಿಯಾರ ನೋಡಿದ್ದೆ. ಮಲ್ ಬಟ್ಟೆಯ ಮೇಲೆ ನೆರಳಲ್ಲಿ ಆರಿಸಿದೆವು. ಅಷ್ಟರಲ್ಲಿ ನಾನು ಲಸಿಕೆ ಪೆಟ್ಟಿಗೆಯ ಸ್ಪಿರಿಟ್ಟಿನಿಂದ ಸೀಳಿನೊಳಗಿನ ಓದುವ ತುದಿಯನ್ನು ಒರೆಸಿದೆ. ಹಾಳೆಗೆ ಬೇರೊಂದು ಕೆಟ್ಟ ಫ್ಲಾಪಿಯ ಕವಚ ತೊಡಿಸಿ ಒಳಗೆ ಹಾಕಿದೆವು. ಕರಕರ ಇಲ್ಲ. ಮೂರನೆಯ ಸಲಕ್ಕೆ ಯಂತ್ರ ಎದ್ದಿತು. ಪರದೆಯ ಮೇಲೆ ಫ್ಲಾಪಿಯ ಗುರುತಾದ 'ಎ' ಎಂಬ ಅಕ್ಷರ ಮಿನುಗಿತು.

ಖುಷಿಯಲ್ಲಿ ನಾನು ಅಂಗಡಿಯವರು ಕೊಟ್ಟಿದ್ದ ಸೂಚನಾಪತ್ರ ತೆರೆದೆ. ಹಾರ್ಡ್ ಡಿಸ್ಕಿಗೆ ಇನ್ನು ಡಾಸನ್ನು ಮತ್ತೆ ತುಂಬಬೇಕಿತ್ತು. ಆ ವಿಧಾನದ ಮೊದಲ ಸಾಲು, ಹಾರ್ಡ್ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಎಂದಿತ್ತು. ಇದ್ದಂತೆಯೇ ಟೈಪ್ ಮಾಡಿದೆ. ಮುಂದುವರಿಯಲೇ ಎಂದು ಯಂತ್ರ ಕೇಳಿತು. ಹೌದು ಎನ್ನಲು ಬೆರಳೆತ್ತುವಷ್ಟರಲ್ಲಿ ಕೊಲ್ಲಾಪುರಮ್ಮ ಕೀಲಿಮಣೆಯ ಮೇಲೆ ಅಂಗೈ ಅಡ್ಡವಿಟ್ಟರು.

"ತಡೀರಿ ಸಾರ್. ಹೊಸ ಫ್ಲಾಪಿಗೆ ನಾನು ಹೊಡೆಯೋದು ಇದನ್ನೇ ಅಲ್ವಾ? ಒಳಗಿರೋದೆಲ್ಲ ಬೋಳ್ಸಿ ಬುಡ್ತದಲ್ಲ!"

ಹೌದು. ಆ ಪತ್ರ ಇನ್ನೂ ಏನೂ ಇಲ್ಲದ ಹೊಸ ಯಂತ್ರಕ್ಕೆ ಬರೆದದ್ದು. ಅದು ನನಗೆ ಗೊತ್ತಿತ್ತು, ಆ ಕ್ಷಣಕ್ಕೆ ಹೊಳೆಯಲಿಲ್ಲ.

"ಬೀಗ ಕೆಟ್ಟದೆ ಅಂತ ಯಾರಾದ್ರೂ ಮನೆ ಕೆಡವ್ತಾರಾ? ಬಿಎಸ್ಸಿ ಓದಿರೋರು ನೀವು" ಎಂದು ಬೈದರು. ಐದು ವರ್ಷದಲ್ಲಿ ಅವರು ನನ್ನನ್ನು ಬೈದದ್ದು ಅದೊಂದೇ ಸಲ.

ಬೇಡ ಎಂಬ ಕೀಲಿ ಒತ್ತಿದೆ. ಆಮೇಲೆ ಹಾರ್ಡ್ ಡಿಸ್ಕಿನಲ್ಲಿ ಏನಿದೆಯೆಂದು ಕೇಳಿದಾಗ ಕಡತಗಳ ಹೆಸರುಗಳು ಒಂದೊಂದಾಗಿ ಬಂದವು. ಕೊನೆಯಲ್ಲಿ ಮರಿಗಳ ಕಡತವೂ ಇತ್ತು. ಹಳೆಯ ಕಾಗದಪತ್ರಗಳ ಫ್ಲಾಪಿಯೊಂದನ್ನು ಅಳಿಸಿ ಮೊದಲು ಅದನ್ನು ನಕಲು ಮಾಡಿಕೊಂಡೆವು. ಕೊಲ್ಲಾಪುರಮ್ಮ ತಮ್ಮ ನೋಟುಬುಕ್ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟರು: ಸಿಸ್ ಎಂಬ ಆಜ್ಞೆ ಫ್ಲಾಪಿಯಿಂದ ಡಿಸ್ಕಿಗೆ ಡಾಸನ್ನು ಮಾತ್ರ ದಾಟಿಸುತ್ತದೆ, ಬೇರೆ ಏನನ್ನೂ ಮುಟ್ಟುವುದಿಲ್ಲ. ಅವರೇ ಟೈಪ್ ಮಾಡಿದರು. ಜೊತೆಗೆ ಬೇಕಾದ ಇನ್ನೊಂದು ಕಡತವನ್ನೂ ದಾಟಿಸಿ, ಫ್ಲಾಪಿ ಹೊರಗೆ ತೆಗೆದು, ಸ್ವಿಚ್ ಆರಿಸಿ ಹಾಕಿದರು. ಯಂತ್ರ ತನ್ನಷ್ಟಕ್ಕೆ ತಾನೇ ಎದ್ದಿತು.

ಶನಿವಾರ ಮಧ್ಯಾಹ್ನ ದೊಡ್ಡೇರಿಯ ಕೆರೆ ಏರಿಯ ಕೆಳಗೆ ಹಿಂಡುಗಳು ಸೇರಿದ್ದವು. ಕೊಲ್ಲಾಪುರಮ್ಮ ಉದ್ದನೆಯ ಪ್ರಿಂಟ್ ಹಾಳೆ ಬಿಚ್ಚಿ ಹಿಂಡು ಹಿಂಡಿಗೂ ಟಗರಿನ ಹೆಸರು ಓದಿದರು. ಹಿರಿಯ ಕುರಿಗಾಹಿ ದಾಸಣ್ಣನವರ ಸರದಿ ಬಂದಾಗ ಗಲಾಟೆ ಎದ್ದಿತು. ಅವರು ಕೈತುತ್ತು ಹಾಕಿ ಸಾಕಿದ ಟಗರು ಪುರವರದ ಕ್ಯಾತಪ್ಪನ ಹಿಂಡಿಗೆ ಹೋಗಬೇಕೆಂದು ಪಟ್ಟಿಯಲ್ಲಿತ್ತು.

"ನಿನ್ನ ಮಿಷನ್ ಹೇಳ್ತು ಅಂತ ನನ್ನ ಟಗರು ಬುಡ್ಲೇನಮ್ಮಿ? ಅದು ಯಾವತ್ತಾದ್ರೂ ಕುರಿ ಕಾದದಾ?"

"ಮಿಷನ್ ಹೇಳಿದ್ದಲ್ಲ ಕಣಣ್ಣ, ನೀನು ಹೇಳಿದ್ದು. ಆಷಾಢದಾಗೆ ಬೇವಿನ ಮರದಡಿ ಕುಂತ್ಕಂಡು. ನಿನ್ನ ಎಳೇ ಕುರಿಗಳಾಗೆ ಒಂಬತ್ತು ಇದ್ರ ಮಕ್ಳೇ. ಓದ್ಲಾ ಹೆಸರು?"

"ಓದು ನೋಡಣ."

ಅವರು ಓದಿದರು. ಒಂದೊಂದು ಹೆಸರಿಗೂ ದಾಸಣ್ಣನವರು ಹಿಂಡಿನ ಕಡೆ ತಿರುಗಿ ಆ ಕುರಿಯನ್ನು ಕಣ್ಣಲ್ಲೇ ಹುಡುಕುತ್ತಿದ್ದರು. ಆರನೆಯ ಹೆಸರಿಗೆ, "ಸಾಕು ಬುಡು" ಎಂದರು. ಟಗರಿನ ನೆತ್ತಿಯನ್ನು ಒಮ್ಮೆ ಕೆರೆದು, ಹಗ್ಗವನ್ನು ಕ್ಯಾತಪ್ಪನ ಕೈಗೆ ಕೊಟ್ಟರು.

"ರಾತ್ರಿ ವಸಿ ಹುರುಳಿ ಹಾಕು ಕಣ್ಲಾ. ಅದಕ್ಕೆ ರೂಢಿ."