ಆರೂವರೆ ಆಳು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಗುಬ್ಬಿಯ ಒಂದು ಹೈಸ್ಕೂಲಿಗೆ ಗಣಿತದ ಟೀಚರಾಗಿ ಸೇರಿದೆ. ಮನೆ ತುಮಕೂರಿನಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು, ಸಂಜೆ ಸಿಕ್ಕಿದ ಬಸ್ಸು.

ಮಕ್ಕಳು ದಡ್ಡರಲ್ಲ, ಆದರೆ ಪ್ರಶ್ನೆಯನ್ನೇ ಓದುತ್ತಿರಲಿಲ್ಲ. ಎರಡು ಸಂಖ್ಯೆ ಕಣ್ಣಿಗೆ ಬಿದ್ದರೆ ಗುಣಿಸಿಬಿಡುತ್ತಿದ್ದರು. ಅದಕ್ಕೇ ಒಂದು ಕ್ರಮ ಹಾಕಿಕೊಟ್ಟೆ. ಪ್ರಶ್ನೆ ಎರಡು ಸಲ ಓದಬೇಕು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಬೇರೆ ಬೇರೆ ಬರೆಯಬೇಕು. ಹೋಗುವ ದಾರಿ ಯಾವುದು ಅಂತ ಒಂದು ಸಾಲಿನಲ್ಲಿ ಹೇಳಿ, ಆಮೇಲೆ ಲೆಕ್ಕಕ್ಕೆ ಕೈ ಹಾಕಬೇಕು. ಕೊನೆಗೆ ಉತ್ತರ ತಾಳೆ ನೋಡಬೇಕು. ತಾಳೆ ಆಗದಿದ್ದರೆ ಮತ್ತೆ ಮೊದಲಿಂದ.

ಎರಡು ವರ್ಷದಲ್ಲಿ ವಿಜ್ಞಾನದ ಮೇಷ್ಟ್ರೂ ಸಮಾಜದ ಮೇಷ್ಟ್ರೂ ಇದನ್ನೇ ಹಿಡಿದರು. ಬಲ್ಬು ಯಾಕೆ ಉರಿಯಲಿಲ್ಲ ಅನ್ನುವುದಕ್ಕೂ, ಊರುಗಳು ಹೊಳೆ ದಂಡೆಯಲ್ಲೇ ಯಾಕೆ ಬೆಳೆದವು ಅನ್ನುವುದಕ್ಕೂ ಮಕ್ಕಳು ಮೊದಲು 'ಕೊಟ್ಟಿದ್ದು', 'ಕೇಳಿದ್ದು' ಅಂತ ಬರೆಯತೊಡಗಿದರು. ಕನ್ನಡದ ಪಂಡಿತರು ಮಾತ್ರ, ಪ್ರಬಂಧಕ್ಕೆ ಇದೆಲ್ಲ ಬೇಡಮ್ಮ ಅಂತ ನಕ್ಕು ಸುಮ್ಮನಾದರು. ಹೆಡ್‌ಮಾಸ್ಟರು ಸಭೆಯಲ್ಲಿ ನನ್ನನ್ನು ಹೊಗಳಿದರು. ನನಗೂ ಸ್ವಲ್ಪ ಜಂಬ ಬಂತು.

ಆ ವರ್ಷ ಹತ್ತನೇ ಕ್ಲಾಸಿನಲ್ಲಿ ಪೇಟೆ ಬೀದಿಯ ಟೈಲರ್ ಸಾಹೇಬರ ಮಗಳಿದ್ದಳು. ಅಂಗಡಿಯಲ್ಲಿ ಅಪ್ಪ ಎದೆ ಸುತ್ತಳತೆ, ಉದ್ದ ಹೇಳುತ್ತಿದ್ದ ಹಾಗೇ ಎಷ್ಟು ಬಟ್ಟೆ ಬೇಕು ಅಂತ ಹೇಳಿಬಿಡುವ ಹುಡುಗಿ. ಲೆಕ್ಕ ಬೋರ್ಡಿನ ಮೇಲೆ ಬರೆದು ನಾನು ಈ ಕಡೆ ತಿರುಗುವಷ್ಟರಲ್ಲಿ ಅವಳ ರಫ್ ಪುಸ್ತಕದಲ್ಲಿ ಉತ್ತರ ಇರುತ್ತಿತ್ತು, ಬರೀ ಉತ್ತರ. ಒಂದು ಟೆಸ್ಟಿನಲ್ಲಿ ಎಲ್ಲವನ್ನೂ ಹಾಗೇ ಬರೆದುಕೊಟ್ಟಳು. ಎಲ್ಲವೂ ಸರಿ. ನಾನು ಸೊನ್ನೆ ಹಾಕಿದೆ.

"ನೋಡಿದ್ ತಕ್ಷಣ ಗೊತ್ತಾಗುತ್ತೆ ಮಿಸ್" ಅಂದಳು.

ಗೊತ್ತಾದರೂ ಬರೆಯಬೇಕು ಅಂತ ಹೇಳಿ ಇಡೀ ಪೇಪರನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ಬರೆಸಿದೆ. ಆಮೇಲೆ ಅವಳು ಒಂದು ಹೆಜ್ಜೆಯನ್ನೂ ಬಿಡಲಿಲ್ಲ. ಅವಳ ನೋಟ್‌ಬುಕ್ಕನ್ನೇ ಬೇರೆ ಸೆಕ್ಷನ್ನಿಗೆ ತೋರಿಸುತ್ತಿದ್ದೆ.

ಪಬ್ಲಿಕ್ ಪರೀಕ್ಷೆಯ ಫಲಿತಾಂಶ ಬಂದಾಗ ಶಾಲೆಯಲ್ಲಿ ಸಿಹಿ ಹಂಚಿದರು. ಎರಡೆರಡು ಸಲ ಕೂತಿದ್ದವರೂ ಗಣಿತದಲ್ಲಿ ಪಾಸಾಗಿದ್ದರು. ಅವಳ ನಂಬರು ಇರಲಿಲ್ಲ. ತಪ್ಪಿರಬೇಕೆಂದು ಮತ್ತೆ ಹುಡುಕಿದೆ. ಮಾರ್ಕ್ಸ್ ಕಾರ್ಡು ಬಂದಾಗ ಗೊತ್ತಾಯಿತು, ಅವಳು ಫೇಲಾಗಿದ್ದುದು ಗಣಿತ ಒಂದರಲ್ಲೇ.

ಅವಳ ಮನೆಗೆ ಹೋದೆ. ಅಪ್ಪ ಹೊಲಿಗೆ ನಿಲ್ಲಿಸಿ ಎದ್ದು ಕುರ್ಚಿ ಹಾಕಿದರು. ಅವಳು ಬಾಗಿಲ ಹತ್ತಿರ ನಿಂತುಕೊಂಡೇ ನಡೆದದ್ದು ಹೇಳಿದಳು. ಮೊದಲನೆಯದೇ ಆಳು-ದಿನದ ಲೆಕ್ಕವಂತೆ. ಪ್ರಶ್ನೆಯಿಂದ 'ಕೊಟ್ಟಿದ್ದು' ಇಳಿಸಿಕೊಳ್ಳುವಾಗ ಗಾಬರಿಯಲ್ಲಿ ಮೂರನ್ನು ಎಂಟು ಅಂತ ಬರೆದುಕೊಂಡಿದ್ದಾಳೆ. ಉತ್ತರ ಆರೂವರೆ ಆಳು ಬಂದಿದೆ. ಆಳು ಅರ್ಧ ಇರಲು ಸಾಧ್ಯವಿಲ್ಲ. ತಾಳೆ ಆಗಲಿಲ್ಲ ಅಂತ ಹೊಡೆದುಹಾಕಿ ತಾನು ಬರೆದುಕೊಂಡಿದ್ದರಿಂದಲೇ ಮತ್ತೆ ಶುರುಮಾಡಿದ್ದಾಳೆ. ಮತ್ತೆ ಆರೂವರೆ. ಹೀಗೇ ನಾಲ್ಕು ಸಲ. ಅಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಕಳೆದುಹೋಗಿದೆ. ಆಮೇಲೆ ಉಳಿದ ಲೆಕ್ಕಗಳನ್ನು ಅರ್ಧರ್ಧ ಮಾಡಿ ಕೊಟ್ಟು ಬಂದಿದ್ದಾಳೆ.

"ಅದನ್ನ ಬಿಟ್ಟು ಮುಂದಕ್ಕೆ ಹೋಗ್ಬೇಕಿತ್ತು ಕಣೇ" ಅಂದೆ.

"ಬಿಟ್ಟು ಹೋಗ್ಬಹುದು ಅಂತ ನೀವು ಹೇಳ್ಕೊಟ್ಟಿರ್ಲಿಲ್ಲ ಮಿಸ್."

ಅವಳು ಅದನ್ನು ಸಿಟ್ಟಿನಿಂದ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಕಟ್ಟಿಸಿ, ನಾನೇ ಮನೆಗೆ ಬಂದು ಪಾಠ ಹೇಳುತ್ತೇನೆ ಅಂತ ಅಪ್ಪನಿಗೆ ಹೇಳಿದೆ. ಅವರು ತುಂಬ ಮರ್ಯಾದೆಯಿಂದಲೇ ಬೇಡ ಅಂದರು. ಪಾಸಾದರೆ ಟೀಚರ್ ಟ್ರೈನಿಂಗಿಗೆ ಕಳಿಸುವುದು ಅಂತ ಇತ್ತಂತೆ, ಮನೆಯ ಹಿರಿಯರನ್ನು ಒಪ್ಪಿಸಿದ್ದೂ ಅವರೇ. ಈಗ ಕುಣಿಗಲ್‌ನಿಂದ ಒಂದು ಸಂಬಂಧ ಬಂದಿದೆ, ಇನ್ನು ತಡೆಯುವುದಕ್ಕೆ ತನ್ನ ಹತ್ತಿರ ಮಾತಿಲ್ಲ ಅಂದರು. "ನೀವು ಒಳ್ಳೇದಕ್ಕೇ ಹೇಳ್ಕೊಟ್ರಿ ಟೀಚರಮ್ಮ, ನಸೀಬು" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಆ ವರ್ಷದ ಜೂನಿನಲ್ಲಿ ಬೋರ್ಡಿನ ಮೇಲೆ ಹೆಜ್ಜೆಗಳನ್ನು ಬರೆಯುವಾಗ ಕೈ ನಿಂತುಬಿಟ್ಟಿತು. ಮಕ್ಕಳು ಕಾಯುತ್ತಿದ್ದರು. ಪೂರ್ತಿ ಬರೆದೆ. ಬೇರೆ ಏನು ಹೇಳಿಕೊಡಬೇಕೆಂದು ನನಗೂ ಗೊತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ನನಗೆ ಕುಣಿಗಲ್‌ಗೆ ವರ್ಗವಾಯಿತು. ಅವಳ ಮನೆ ಹುಡುಕಲು ಧೈರ್ಯ ಬರುವುದಕ್ಕೆ ಒಂದು ವರ್ಷ ಬೇಕಾಯಿತು. ಗಂಡ ಅಂಗಡಿಗೆ ಹೋಗಿದ್ದ. ಅವಳು ನೋಡಿದ ಕೂಡಲೇ ಗುರುತು ಹಿಡಿದು ಒಳಗೆ ಕರೆದಳು, ಚಹಾ ಮಾಡಿಕೊಟ್ಟಳು. ತಪ್ಪು ನನ್ನದು ಅಂತ ಹೇಳಿದೆ. ನಿನ್ನಂಥವಳಿಗೆ ಆ ಕ್ರಮ ಬೇಕಿರಲಿಲ್ಲ, ಹಟ ಹಿಡಿದು ಹೇರಿದೆ ಅಂದೆ.

ಅವಳು ಸೆರಗಿನ ತುದಿ ಸರಿಮಾಡಿಕೊಂಡಳು.

"ಎರಡು ವರ್ಷ ನಿಮ್ಮೇಲೆ ತುಂಬಾ ಕೋಪ ಇತ್ತು ಮಿಸ್. ಆಮೇಲೆ ಮಕ್ಕಳಾದ್ರು. ಕೋಪ ಮಾಡ್ಕೊಳೋಕೂ ಪುರ್ಸೊತ್ತಾಗ್ಲಿಲ್ಲ."

ಕ್ಷಮಿಸಿದೆ ಅಂತ ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೆ ಮಗು ಅಳತೊಡಗಿತು, ಅವಳು ಎದ್ದು ಹೋದಳು. ಬಹಳ ಹೊತ್ತಾದರೂ ಬರಲಿಲ್ಲ. ಮಗುವನ್ನು ಸಮಾಧಾನ ಮಾಡುತ್ತಿದ್ದ ದನಿ ಮಾತ್ರ ಕೇಳಿಸುತ್ತಿತ್ತು. ನಾನು ಲೋಟ ಕೆಳಗಿಟ್ಟು, ಬರ್ತೀನಮ್ಮ ಅಂತ ಕೂಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಬೀದಿಗಿಳಿದೆ.