ಹೆಗಲಿನ ಬದಲಿಗೆ ಒಂದು ಏತ

ನನ್ನ ಎಡ ಹೆಗಲು ಬಲ ಹೆಗಲಿಗಿಂತ ತುಸು ತಗ್ಗು. ಗಲ್ಲಾದ ಹಿಂದೆ ಒಂದೇ ಭಂಗಿಯಲ್ಲಿ ಕೂತು ಹಾಗಾಗಿದೆ ಎಂದು ನನ್ನ ದರ್ಜಿ ಹೇಳುತ್ತಾನೆ. ನಾನು ಒಪ್ಪಿಕೊಳ್ಳುತ್ತೇನೆ. ನಿಜ ಹೇಳಿದರೆ ಅವನು ಟೇಪು ಕೆಳಗಿಟ್ಟಾನು: ಹನ್ನೊಂದು ವರ್ಷ ನಾನು ಒಂದು ದುರ್ಬೀನಿನ ಸ್ಟ್ಯಾಂಡ್ ಆಗಿದ್ದೆ.

ದುರ್ಬೀನು ನನ್ನ ಹೆಂಡತಿ ಶಾರದೆಯದು. ಸೂರತ್ತಿನಲ್ಲಿ ಒಂದು ಮದುವೆಗೆ ಹೋದಾಗ ಉಳಿದ ಹೆಂಗಸರೆಲ್ಲ ಸೀರೆ ಅಂಗಡಿಗೆ ನುಗ್ಗಿದರೆ, ಇವಳು ಅಲಂಗ್‌ನಲ್ಲಿ ಒಡೆದ ಹಡಗುಗಳ ಸಾಮಾನು ಮಾರುವ ಅಂಗಡಿಗೆ ನುಗ್ಗಿ ಅದನ್ನು ಎತ್ತಿಕೊಂಡು ಬಂದಳು. ಒಂದೊಂದು ಕೊಳವೆಯೂ ತಂಬಿಗೆಯಷ್ಟು ದಪ್ಪ, ಒಟ್ಟು ತೂಕ ಎರಡೂವರೆ ಕಿಲೋ. ಅವಳು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಉಡುಪಿ ಕಡೆಯಿಂದ ವಡೋದರಕ್ಕೆ ಬಂದು ಗೋರ್ವಾದಲ್ಲಿ ಇಡ್ಲಿ ದೋಸೆಯ ಹೋಟೆಲು ಇಟ್ಟವನು. ಹಾಗಾಗಿ ಕೆಲಸ ತಾನಾಗಿಯೇ ಹಂಚಿಹೋಯಿತು. ನೋಡುವುದು ಅವಳು, ಹೊರುವುದು ನಾನು.

ಕಾರ್ತಿಕದಲ್ಲಿ ಕೃತ್ತಿಕೆಯ ನಕ್ಷತ್ರಗೊಂಚಲು ಪೂರ್ವಕ್ಕೆ ಇನ್ನೂ ಕೆಳಗಿರುವಾಗ, ತಾರಸಿಯ ಮೇಲೆ ನಾನು ಮಣೆ ಹಾಕಿ ಕೂರುತ್ತಿದ್ದೆ. ಅವಳು ಹಿಂದೆ ಕುರ್ಚಿಯಲ್ಲಿ ಕೂತು ದುರ್ಬೀನನ್ನು ನನ್ನ ಹೆಗಲಿಗೆ ಆನಿಸುತ್ತಿದ್ದಳು.

“ಎಂತ ಮಾರಾಯ್ರೆ, ಉಸಿರು ಬಿಡ್ಬೇಡಿ ಅಂದ್ನಲ್ಲ! ನಕ್ಷತ್ರ ಎಲ್ಲ ಕುಣೀತಾ ಉಂಟು.”

“ಉಸಿರು ಬಿಡದಿದ್ರೆ ನಾನೇ ನಕ್ಷತ್ರ ಆಗಿ ಹೋಗ್ತೇನೆ.”

“ಆಗಿ. ಅಷ್ಟು ದೊಡ್ಡದು ಆದ್ರೆ ದುರ್ಬೀನೇ ಬೇಡ.”

ಆಮೇಲೆ “ಬನ್ನಿ, ನೀವೂ ನೋಡಿ” ಎನ್ನುತ್ತಿದ್ದಳು. ತೊಂದರೆ ಇದ್ದದ್ದು ಇಲ್ಲೇ. ನಾನು ಎದ್ದರೆ ಸ್ಟ್ಯಾಂಡೇ ಎದ್ದುಹೋದಂತೆ. ಆ ಭಾರವನ್ನು ಅವಳ ಹೆಗಲ ಮೇಲಿಡಲು ನನಗೆ ಮನಸ್ಸಿರಲಿಲ್ಲ. ಕೈಯಲ್ಲಿ ಹಿಡಿದರೆ ಸಾಸಿವೆ ಸಿಡಿದಂತೆ ಬೆಳಕಿನ ಗೀರುಗಳಷ್ಟೇ.

“ಕಂಡಿತಾ?”

“ಕಂಡಿತು.”

“ಎಷ್ಟು?”

ಷಣ್ಮುಖನಿಗೆ ಹಾಲೂಡಿದ ಕೃತ್ತಿಕೆಯರು ಆರು ಮಂದಿ ಎಂದು ಅಜ್ಜಿ ಹೇಳಿದ್ದು ನೆನಪಿತ್ತು. “ಆರು” ಎಂದೆ.

“ಸರಿ. ಹಾಗಾದ್ರೆ ಕೂತ್ಕೊಳ್ಳಿ” ಎಂದು ಅವಳು ಮತ್ತೆ ದುರ್ಬೀನನ್ನು ನನ್ನ ಹೆಗಲಿಗಿಟ್ಟಳು. ವರ್ಷ ವರ್ಷವೂ ಅದೇ ಪ್ರಶ್ನೆ, ಅದೇ ಆರು.

ಶಾರದೆ ಹೋದ ಮೇಲೆ ಇದು ಎರಡನೆಯ ಚಳಿಗಾಲ. ಅವಳಿಗೆ ನಾನು ಹೇಳಿದ ಸುಳ್ಳುಗಳಲ್ಲಿ ಹೆಚ್ಚಿನವು ಈಗ ತಿದ್ದಲಾಗದವು. ಇದೊಂದನ್ನು ತಿದ್ದಬಹುದು, ಒಂದು ಸಲ ಆ ಆರನ್ನು ನೋಡಿಬಿಟ್ಟರೆ ಸಾಕು ಅನ್ನಿಸಿತು. ಅದಕ್ಕೆ ಬೇಕಾದದ್ದು ಉಸಿರಾಡದ ಒಂದು ಹೆಗಲು, ಅದೂ ಕೂತು ನೋಡುವಂಥದ್ದು. ಮೊಣಕಾಲುಗಳು ಹೋಟೆಲಿಗೇ ಸವೆದುಹೋಗಿವೆ.

ಅಹಮದಾಬಾದಿಗೆ ಹೋಗಿ ನವರಂಗಪುರದ ಕ್ಯಾಮೆರಾ ಅಂಗಡಿಯೊಂದರಲ್ಲಿ ಟ್ರೈಪಾಡ್ ಕೇಳಿದೆ. “ಮದುವೆ ವಿಡಿಯೋಗಾ ಅಂಕಲ್?” ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. ನಕ್ಷತ್ರಕ್ಕೆ ಎಂದೆ. “ಹಾಗಾದರೆ ಸಾದಾದು ಸಾಕು. ನಕ್ಷತ್ರ ಎಲ್ಲಿ ಡಾನ್ಸ್ ಮಾಡುತ್ತೆ?” ಅವನಿಗೇನು ಗೊತ್ತು! ಸಾದಾದನ್ನೇ ತಂದೆ. ಆದರೆ ಉತ್ತರಾಯಣದ, ಅಂದರೆ ಸಂಕ್ರಾಂತಿಯ, ಹೊತ್ತಿಗೆ ಕೃತ್ತಿಕೆ ವಡೋದರದ ನೆತ್ತಿಯ ಮೇಲೇ ಬಂದು ನಿಲ್ಲುತ್ತದೆ. ಅದನ್ನು ಟ್ರೈಪಾಡಿನಲ್ಲಿ ನೋಡಬೇಕಾದರೆ, ಕೆಟ್ಟ ಲಾರಿಯ ಕೆಳಗೆ ಮೆಕ್ಯಾನಿಕ್ ತೂರುವಂತೆ ಅದರ ಮೂರು ಕಾಲುಗಳ ನಡುವೆ ತೂರಬೇಕು. ಕುರ್ಚಿ ಹಾಕಿದರೆ ಕುರ್ಚಿಯ ಕಾಲು, ಟ್ರೈಪಾಡಿನ ಕಾಲು, ನನ್ನ ಕಾಲು ಒಂದಕ್ಕೊಂದು ಜಗಳ.

ಆಗ ಕಣ್ಣಿಗೆ ಬಿದ್ದದ್ದು ತಾರಸಿಯ ಮೇಲಿದ್ದ ಹಿಂಚ್ಕೋ. ಗುಜರಾತಿನಲ್ಲಿ ಉಯ್ಯಾಲೆ ಇಲ್ಲದ ಮನೆ ಇಲ್ಲ. ಊಟವಾದ ಮೇಲೆ ಅದರ ಮೇಲೆ ಕೂರದಿದ್ದರೆ ಇವರಿಗೆ ಅನ್ನ ಕರಗದು. ಮೂವತ್ತು ವರ್ಷದಲ್ಲಿ ಆ ಅಭ್ಯಾಸ ನನಗೂ ಅಂಟಿದೆ. ಅದರ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ದಿಂಬು, ದಿಂಬಿನ ಮೇಲೆ ದುರ್ಬೀನು ಇಟ್ಟುಕೊಂಡೆ. ಆಕಾಶವೆಲ್ಲ ತೊಟ್ಟಿಲಾಯಿತು. ಸರಪಳಿ ಹಿಡಿದು ಮೆಲ್ಲಗೆ ಇಳಿದೆ. ಕೆಳಮನೆಯ ಹಸ್ಮುಖಭಾಯಿ ಮೆಟ್ಟಿಲ ಬಳಿ ನಿಂತು ನಗುತ್ತಿದ್ದರು. “ಅಣ್ಣಾ, ಹಡಗಿನ ದುರ್ಬೀನಿಗೆ ಹಡಗನ್ನೂ ಮಾಡಿಕೊಟ್ಟಿರಾ?”

ಹಸ್ಮುಖಭಾಯಿ ಗೋರ್ವಾದಲ್ಲಿ ಗೇಟು, ಗ್ರಿಲ್ಲುಗಳಿಗೆ ಬೆಸುಗೆ ಹಾಕುವವರು. ಶಾರದೆಯ ಪುಸ್ತಕಗಳ ನಡುವೆ ಸಿಕ್ಕ ಒಂದು ಚಿತ್ರವನ್ನು ಅವರಿಗೆ ತೋರಿಸಿದೆ. ಪರದೇಶದಲ್ಲಿ ಮಾರುವ ಸ್ಟ್ಯಾಂಡು. ಬೆಲೆ ನೋಡಿದರೆ ದುರ್ಬೀನನ್ನೇ ಮತ್ತೆ ಮೂರು ಸಲ ಕೊಳ್ಳಬಹುದು. ಆದರೆ ಚಿತ್ರ ನೋಡುತ್ತಿದ್ದಂತೆ ನನಗೆ ನಗು ಬಂತು. ಒಂದು ಕಂಬ, ಅದರ ತಲೆಯ ಮೇಲೆ ಅಡ್ಡ ತೋಳು, ಒಂದು ತುದಿಗೆ ದುರ್ಬೀನು, ಇನ್ನೊಂದು ತುದಿಗೆ ಭಾರ. ನಮ್ಮ ಬಾವಿಯ ಏತವೇ! ಹಿಂಬದಿಗೆ ಕಲ್ಲು ಕಟ್ಟಿದರೆ ನೀರು ತುಂಬಿದ ಮರಿಗೆಯನ್ನೂ ಮಗು ಎತ್ತುತ್ತದೆ ಎಂಬುದು ಹತ್ತನೇ ತರಗತಿಗೂ ಮೊದಲೇ ನನಗೆ ಗೊತ್ತಿತ್ತು. ಇರುವ ವ್ಯತ್ಯಾಸ ಒಂದೇ: ಇಲ್ಲಿ ಒಂದರ ಬದಲು ಎರಡು ಸರಳು, ಸಮಾನಾಂತರವಾಗಿ. ಹಾಗಾಗಿ ತೋಳನ್ನು ಮೇಲೆ ಕೆಳಗೆ ಮಾಡಿದರೂ ದುರ್ಬೀನಿನ ಮುಖ ತಿರುಗುವುದಿಲ್ಲ. ಒಬ್ಬರು ಹಿಡಿದ ನಕ್ಷತ್ರವನ್ನು ಇನ್ನೊಬ್ಬರು ಕಳೆಯದೆ ನೋಡಬಹುದು.

ಹಸ್ಮುಖಭಾಯಿ ಹಳೆಯ ಕಿಟಕಿಯ ಅಲ್ಯೂಮಿನಿಯಂ ಪಟ್ಟಿಗಳಲ್ಲಿ ಎರಡು ಭಾನುವಾರ ಕೂತು ಅದನ್ನು ಮಾಡಿದರು. ಭಾರಕ್ಕೆ ಕಬ್ಬಿಣ ಹುಡುಕುತ್ತಿದ್ದಾಗ ನಾನು ಒಳಗಿನಿಂದ ರುಬ್ಬುವ ಗುಂಡುಕಲ್ಲು ತಂದುಕೊಟ್ಟೆ. ಶಾರದೆ ಮದುವೆಯಾಗಿ ಬರುವಾಗ ರೈಲಿನಲ್ಲಿ ಹೊತ್ತು ತಂದದ್ದು, ಗ್ರೈಂಡರ್ ಬಂದ ಮೇಲೆ ಬಾಗಿಲಿಗೆ ಒತ್ತಾಗಿತ್ತು. ಹಗ್ಗದ ಬಲೆಯಲ್ಲಿ ಅದನ್ನು ನೇತುಹಾಕಿದೆವು. ತೋಳು ತೂಗಿತು, ನಿಂತಿತು.

ಉತ್ತರಾಯಣ ಮುಗಿದ ಮರುವಾರ, ಹಬ್ಬದ ಗಾಳಿಪಟಗಳೆಲ್ಲ ಇಳಿದ ಮೇಲೆ, ಬಟ್ಟೆಯ ಆರಾಮ ಕುರ್ಚಿಯಲ್ಲಿ ಒರಗಿ ದುರ್ಬೀನನ್ನು ಕಣ್ಣಿಗೆ ಇಳಿಸಿಕೊಂಡೆ.

ಆರು ಇರಲಿಲ್ಲ. ಎಣಿಸಲು ಹೊರಟೆ, ನಲವತ್ತು ದಾಟಿದ ಮೇಲೆ ಬಿಟ್ಟುಬಿಟ್ಟೆ. ಒಂದು ಮುಷ್ಟಿ ಸಕ್ಕರೆಯನ್ನು ಕಪ್ಪು ಬಟ್ಟೆಯ ಮೇಲೆ ಚೆಲ್ಲಿದಂತಿತ್ತು. ಯಾವುದೂ ಕುಣಿಯಲಿಲ್ಲ.

ದುರ್ಬೀನಿನಲ್ಲಿ ನೋಡಿದ ಯಾರೂ “ಆರು” ಎನ್ನಲಾರರು. ಅಂದರೆ ನನಗೆ ಏನೂ ಕಂಡಿಲ್ಲವೆಂದು ಮೊದಲ ವರ್ಷವೇ ಅವಳಿಗೆ ಗೊತ್ತಾಗಿತ್ತು. ಆದರೂ ಪ್ರತಿ ವರ್ಷ ಕೇಳಿದಳು, ಪ್ರತಿ ವರ್ಷ “ಸರಿ” ಎಂದಳು. ನಾನು ತಿದ್ದಲು ಹೊರಟ ಸುಳ್ಳು ಅವಳನ್ನು ಎಂದೂ ಮುಟ್ಟಿಯೇ ಇರಲಿಲ್ಲ.

ಅಷ್ಟರಲ್ಲಿ ಹಸ್ಮುಖಭಾಯಿ ಬಂದರು. ನಿಂತುಕೊಂಡೇ ಅವಸರವಾಗಿ ಬಗ್ಗಿ ಒಂದು ಕ್ಷಣ ಇಣುಕಿ, “ಹಾಂ ಅಣ್ಣಾ, ಕಂಡಿತು. ಬಹಳ ಚೆಂದ!” ಎಂದರು.

“ಎಷ್ಟು ಕಂಡವು?”

ಅವರು ಸ್ವಲ್ಪ ಯೋಚಿಸಿದರು. “ಏಳು.”

ನಾನೂ “ಸರಿ” ಎನ್ನಬಹುದಿತ್ತು. ಆದರೆ ಶಾರದೆಯ ಹತ್ತಿರ ಇದ್ದದ್ದು ನಾನೆಂಬ ಸ್ಟ್ಯಾಂಡು ಮಾತ್ರ. ನನ್ನ ಹತ್ತಿರ ಈ ಏತ ಇದೆ. ಎದ್ದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ. ತೋಳನ್ನು ಮೆಲ್ಲಗೆ ಅವರ ಕಣ್ಣಿಗೆ ಇಳಿಸಿದೆ. ಹಿಂದೆ ಗುಂಡುಕಲ್ಲು ಅಷ್ಟೇ ಮೆಲ್ಲಗೆ ಮೇಲೇರಿತು. ಹಸ್ಮುಖಭಾಯಿ ಬೆರಳು ಮಡಚುತ್ತಾ ಎಣಿಸತೊಡಗಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿಕೊಂಡರೆ, ಹಳೆಯ ರೂಢಿಯಂತೆ, ಉಸಿರು ಬಿಗಿಹಿಡಿದಿದ್ದೆ.